ಗಾರ್ಡ್ ಸಾಹೇಬನಿಗೊಂದು ಪತ್ರ, ವರಾಂಡ ಜಂಕ್ಷನ್ನಿಂದ

ಲೇ ಗಾರ್ಡ್ ಸಾಹೇಬ,

ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ನಗುತ್ತೀಯ, ನನಗೆ ಮಾತು ತಪ್ಪುತ್ತೆ. ಎಲ್ಲರಿಗೂ ಕಾಣೋ ಹಾಗೆ ಯಾಕೆ ಬರೀತೀಯ ಅಂತ ಕೇಳಬೇಡ, ಅದಕ್ಕೂ ಕಾರಣ ಇದೆ. ಓದುತ್ತಿರುವ ಉಳಿದವರು ದಯವಿಟ್ಟು ಕೊಡಗನೂರಿನ ವಿಷಯ ಕೇಳಬಾರದು. ಅದು ನಮ್ಮಿಬ್ಬರ ಜೊತೆಗೇ ಮಣ್ಣಾಗಬೇಕು.

ನಮ್ಮ ಆಟದ ರೈಲಿನ ಕರಿ ಎಂಜಿನ್ ಸಿಕ್ಕಿತು ಮಾರಾಯ. ಅಟ್ಟದ ಮೇಲೆ, ಕುಕ್ಕರ್ ಬಂದಿದ್ದ ರಟ್ಟಿನ ಡಬ್ಬದಲ್ಲಿ, ಅಮ್ಮನ ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟಿದ್ದು. ಟ್ರಯಾಂಗ್ ಅನ್ನೋ ಆಟಿಕೆ ರೈಲಿನ ಕಂಪನಿಯ ಜಿಂಟಿ ಎಂಜಿನ್. ನಂಬರ್ 47606, ಅದರಲ್ಲಿ ಒಂದು 6 ನೀನು ಉಗುರಿನಲ್ಲಿ ಕೆರೆದು ಹಾಳು ಮಾಡಿದ್ದು ಹಾಗೇ ಇದೆ.

ಅಪ್ಪಾಜಿ 1988ರಲ್ಲಿ ಬೆಂಗಳೂರಿನ ಸಂಡೇ ಬಜಾರಿನಿಂದ ತಂದದ್ದು ನೆನಪಿದೆಯಲ್ವಾ? ಆಗ ದಾವಣಗೆರೆ ಸ್ಟೇಷನ್ನಿನಲ್ಲಿ ಇನ್ನೂ ಮೀಟರ್ ಗೇಜು, ನಮ್ಮ ವರಾಂಡದಲ್ಲಿ 16.5 ಮಿಲಿಮೀಟರ್ ಗೇಜು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿದರೆ ಊರೆಲ್ಲ ಬೈಯೋದು, ಖುಷಿ ಪಡುತ್ತಿದ್ದವರು ನಾವಿಬ್ಬರೇ.

ತಂದಾಗ ಅದು ಓಡುತ್ತಿರಲಿಲ್ಲ. ಅಪ್ಪಾಜಿ ಮಿಲ್ಲಿನಲ್ಲಿ ವೈರ್‌ಮನ್. ಒಂದು ರಜಾ ದಿನ ಪೇಪರ್ ಹಾಸಿಕೊಂಡು ಕೂತರು, ಎಂಜಿನ್ ಬಿಚ್ಚಿದರು, ಸೈಕಲ್ಲಿನ ವಾಲ್ ಟ್ಯೂಬಿನ, ಅಂದರೆ ಸಣ್ಣ ರಬ್ಬರ್ ಕೊಳವೆಯ, ತುಂಡೊಂದನ್ನು ಒಳಗೆ ತುರುಕಿದರು, ಓಡಿಸಿಬಿಟ್ಟರು. ಮೂರು ವರ್ಷ ಓಡಿತು. ಆಮೇಲೊಂದು ದಿನ ಟ್ರಾನ್ಸ್‌ಫಾರ್ಮರ್ ಹೊಗೆ ಬಿಟ್ಟಿತು, ಅಲ್ಲಿಗೆ ಮುಗಿಯಿತು. 'ನಮ್ಮಪ್ಪನ ವಾಲ್ ಟ್ಯೂಬ್ ಎಂಜಿನಿಯರಿಂಗ್' ಅಂತ ನಾನು ಹೇಳೋ ಕಥೆ ಇದೇ. ಹಾಸ್ಟೆಲ್ಲಿನಲ್ಲಿ ಹೇಳಿದ್ದೇನೆ, ನಿನ್ನ ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಇಲ್ಲೂ ಎರಡು ಸಲ ಬರೆದು ನಗುವ ಮುಖಗಳನ್ನು ರಾಶಿ ರಾಶಿ ತಗೊಂಡಿದ್ದೇನೆ.

ಹೋದ ವಾರ ಬಿಚ್ಚಿದೆ. ಒಳಗಿನ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒರೆಸಿ ಬೆರಳೆಲ್ಲ ಕಪ್ಪು. ಆರ್ಮೇಚರಿನ, ಅಂದರೆ ಮೋಟರಿನೊಳಗೆ ತಿರುಗೋ ತಂತಿ ಸುರುಳಿಯ, ತುದಿಯಲ್ಲಿ ತಾಮ್ರದ ಮೂರು ಪಟ್ಟಿ ಇರುತ್ತಲ್ಲ, ಅವುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ಕೂತಿತ್ತು. ಹಲ್ಲುಕಡ್ಡಿಯಲ್ಲಿ ಕೆದಕಿದೆ. ನೀನು ಬೈಯಬೇಡ, ಆರ್ಮೇಚರ್ ಹೊರಗೆ ತೆಗೆಯಲಿಲ್ಲ. ತೆಗೆದರೆ ಹಳೇ ಆಯಸ್ಕಾಂತದ ಶಕ್ತಿ ಕುಂದುತ್ತೆ ಅಂತ ನೀನು ಹೇಳಿದ್ದು ನೆನಪಿತ್ತು. ವೈರುಗಳಂತೂ ಮುಟ್ಟಿದರೆ ಸಿಪ್ಪೆ ಉದುರುತ್ತಿದ್ದವು, ಎಲ್ಲ ಕಿತ್ತು ಹೊಸದು ಹಾಕೋಣ ಅಂತ ತೀರ್ಮಾನ.

ಕೀಳೋ ಮೊದಲು ಸುಮ್ನೆ ಮಲ್ಟಿಮೀಟರ್ ಇಟ್ಟೆ, ಕರೆಂಟು ಹಾಯೋ ದಾರಿ ಇದ್ದರೆ ಅದು ಕೂಗುತ್ತಲ್ಲ. ಕುಂಯ್ ಅಂತು.

ಈ ಮೋಟರಿನಲ್ಲಿ ಒಂದು ಬದಿ ಗಾಲಿಗಳ ಕರೆಂಟು ನೇರ ಚಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಚಾಸಿಯಿಂದ ಒಂದು ಬ್ರಷ್ಷಿಗೆ, ಅಂದರೆ ತಾಮ್ರದ ಪಟ್ಟಿಗೆ ಉಜ್ಜುತ್ತಾ ಕರೆಂಟು ಕೊಡೋ ಕಾರ್ಬನ್ ತುಂಡಿಗೆ, ಹೋಗುತ್ತೆ. ಇನ್ನೊಂದು ಬದಿಯದು ವೈರಿನಲ್ಲಿ ಇನ್ನೊಂದು ಬ್ರಷ್ಷಿಗೆ. ಎರಡನ್ನೂ ಒತ್ತಿ ಹಿಡಿಯೋದು ಮಾತ್ರ ಒಂದೇ ಸ್ಪ್ರಿಂಗ್. ಅದರ ಒಂದು ಕಾಲಿಗೆ ಕರೆಂಟು ಹಾಯದ ಅಂಗಿ ತೊಡಿಸಿರಬೇಕು, ಇಲ್ಲಾಂದರೆ ಶಾರ್ಟ್. ನಮ್ಮದರಲ್ಲಿ ಆ ಅಂಗಿ ಕಳೆದುಹೋಗಿತ್ತು, ಆ ಜಾಗಕ್ಕೆ ಬಂದದ್ದು ವಾಲ್ ಟ್ಯೂಬು. ಹಾಗಾಗಿ ಕುಂಯ್ ಅಂದ ಕೂಡಲೇ, ನೋಡಿದ್ಯಾ, ನಾನು ಹೇಳಿರಲಿಲ್ವಾ ಅಂದುಕೊಂಡೆ. ಆಮೇಲೆ ನೆನಪಾಯಿತು, ಬ್ರಷ್ ಇದ್ದರೆ ಸುರುಳಿಯ ಮೂಲಕವೂ ಮೀಟರ್ ಕೂಗುತ್ತೆ ಅಂತ. ಸ್ಪ್ರಿಂಗ್ ತೆಗೆದೆ, ಬ್ರಷ್ ಎರಡೂ ತೆಗೆದೆ. ಟ್ಯೂಬು ಒಣಗಿ, ಸೀಳು ಬಿಟ್ಟಿತ್ತು. ಆದರೂ ಜಾಗದಲ್ಲೇ ಇತ್ತು. ಒಳಗಿನ ತಂತಿ ಎಲ್ಲೂ ಇಣುಕಿರಲಿಲ್ಲ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮತ್ತೆ ಮೀಟರ್ ಇಟ್ಟೆ.

ಕುಂಯ್.

ಟ್ಯೂಬು ನನ್ನ ಕೈಯಲ್ಲಿದೆ, ಶಾರ್ಟ್ ಎಂಜಿನ್ನಿನಲ್ಲೇ ಇದೆ!

ಭೂತಗನ್ನಡಿ ಹಿಡಿದು ನೋಡಿದರೆ, ವೈರು ಸೇರೋ ಕಡೆ ಮೂಗುಬೊಟ್ಟಿನಷ್ಟು ದಪ್ಪ ಸೋಲ್ಡರ್ ಗಂಟು, ಅದರಿಂದ ಕೂದಲಿನಂಥ ಒಂದು ಎಳೆ ಹೊರಟು ಚಾಸಿಗೆ ತಾಗಿದೆ. ಅಪ್ಪಾಜಿ ಕೈಯ ಸೋಲ್ಡರ್ ನನಗೆ ಗೊತ್ತು, ಅಕ್ಕಿಕಾಳಿನ ಹಾಗೆ ಚೊಕ್ಕವಾಗಿ ಹೊಳೆಯುತ್ತೆ. ಇದು ಹೊಳೆಯುತ್ತಿರಲಿಲ್ಲ. ಇದು ನನ್ನದು. ಪಿಯುಸಿಯಲ್ಲಿ ಎಂಜಿನ್ನಿಗೆ ಹೆಡ್‌ಲೈಟ್ ಹಾಕಬೇಕು ಅಂತ ನಿಮಗ್ಯಾರಿಗೂ ಹೇಳದೆ ಟಾರ್ಚ್ ಬಲ್ಬು ಸಿಕ್ಕಿಸಿದ್ದೆ.

ಇಷ್ಟಕ್ಕೆ ನಿಲ್ಲಿಸಬೇಕು ಅಂತಿದ್ದೆ. 'ಮೂವತ್ತು ಚಿಲ್ಲರೆ ವರ್ಷದ ಮೇಲೆ ಗೊತ್ತಾಯಿತು, ತಪ್ಪು ನನ್ನದೇ, ಹ್ಹಹ್ಹ' ಅಂತ ಬರೆದರೆ ನಿನಗೂ ನಗು, ಇಲ್ಲಿರೋರಿಗೂ ನಗು. ಆದರೆ ಅದು ಸುಳ್ಳು ಕಣಲೇ. ಈಗ ಗೊತ್ತಾದದ್ದಲ್ಲ. ಹೊಗೆ ಬಂದಾಗ ನಾನು ಮೊದಲು ಮಾಡಿದ ಕೆಲಸ ಬಲ್ಬು ಕಿತ್ತು ಚಡ್ಡಿ ಜೇಬಿಗೆ ಹಾಕಿಕೊಂಡದ್ದು. ಅಪ್ಪಾಜಿ ಬಂದು ಪ್ಲಗ್ ಎಳೆದು "ಏನಾದ್ರೂ ಬಿಚ್ಚಿದ್ಯೇನೋ?" ಅಂದರು. "ಇಲ್ಲ" ಅಂದೆ. ಅವರು ಎಂಜಿನ್ ತಿರುಗಿಸಿ ತಿರುಗಿಸಿ ನೋಡಿ, "ಹಂಗಾದ್ರೆ ನಂದೇ ಇರಬೇಕು" ಅಂದರು.

ಆವತ್ತಿನಿಂದ ಅವರು ನನ್ನ ಸಾಮಾನಿಗೆ ಕೈ ಹಾಕಿಲ್ಲ. ಬೀದಿಯವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಮಾಡಿಕೊಟ್ಟರು. ನನ್ನ ಟೇಪ್ ರೆಕಾರ್ಡರ್ ಕೆಟ್ಟರೆ ಮಾತ್ರ "ಹೊರಗೆ ತೋರಿಸಪ್ಪ, ನಾನು ಮುಟ್ಟಿದ್ರೆ ಇರೋದೂ ಹೋಗುತ್ತೆ". ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಹೋದ ತಿಂಗಳು ನನ್ನ ಮಗ ರಿಮೋಟ್ ಕಾರು ಹಿಡಿದುಕೊಂಡು ಹೋದ. ಅಪ್ಪಾಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. "ನಿಮ್ಮಪ್ಪನ್ನ ಕೇಳು, ಅವನು ಓದಿದಾನೆ." ಆ ಕಟ್ಟಿಕೊಂಡ ಕೈ ಕಣ್ಣಿಂದ ಹೋಗುತ್ತಿಲ್ಲ.

ಇನ್ನೂ ಹೇಳಿಲ್ಲ. ಅಪ್ಪಾಜಿ ಇರೋದು ಇದೇ ಮನೆಯ ಕೆಳಗೆ, ಹದಿನಾಲ್ಕು ಮೆಟ್ಟಿಲು. ಅವರ ಬಟನ್ ಫೋನಿನಲ್ಲಿ ಇದು ಕಾಣಲ್ಲ ಅನ್ನೋ ಧೈರ್ಯದ ಮೇಲೆ ಊರಿಗೆಲ್ಲ ಕೇಳೋ ಹಾಗೆ ಬರೀತಿದ್ದೇನೆ. ನಗಿಸಿದ್ದು ಇಲ್ಲೇ ತಾನೆ, ಒಪ್ಪಿಕೊಳ್ಳೋದೂ ಇಲ್ಲೇ ಆಗಲಿ ಅಂತ. ಧೀರ ಅಂದರೆ ಹೀಗಿರಬೇಕು.

ಹೋಗಲಿ ಬಿಡು. ವಯಸ್ಸಾಯಿತು, ಸೋಲ್ಡರ್ ಹೊಗೆ ಕಣ್ಣಿಗೆ ಹೋದರೆ ಹೀಗೆಲ್ಲ ಆಗುತ್ತೆ.

ಕೆಲಸದ ವಿಷಯಕ್ಕೆ ಬರೋಣ. ನೀನು ಕಳಿಸಿದ ಡಿಕೋಡರ್, ಹಳಿಯಿಂದ ಬರೋ ಸಂಕೇತ ಓದಿ ಮೋಟರ್ ಓಡಿಸೋ ಪುಟ್ಟ ಸರ್ಕ್ಯೂಟು, ಇನ್ನೂ ಹಾಕಿಲ್ಲ. ಅದಕ್ಕೆ ಎರಡು ಬ್ರಷ್ಷೂ ಚಾಸಿಯಿಂದ ಬೇರೆಯಾಗಿರಬೇಕು, ಕಿತ್ತಳೆ ವೈರು ಒಂದಕ್ಕೆ, ಬೂದು ವೈರು ಇನ್ನೊಂದಕ್ಕೆ. ಅಂದರೆ ಸ್ಪ್ರಿಂಗಿನ ಎರಡನೇ ಕಾಲಿಗೂ ಅಂಗಿ ಬೇಕು. ಸೈಕಲ್ ಶಾಪಿಗೆ ಹೋಗಿ ಒಂದಿಂಚು ವಾಲ್ ಟ್ಯೂಬು ಕೇಳಿದೆ. "ಸೈಕಲ್ ಎಲ್ಲಿ ಸಾರ್?" ಅಂದ. ಎಂಜಿನ್ನಿಗೆ ಅಂದೆ. ಒಂದು ಗೇಣು ಕತ್ತರಿಸಿಕೊಟ್ಟು, ದುಡ್ಡೂ ತಗೊಳ್ಳದೆ, ಬೇಗ ಕಳಿಸಿದ.

ಸದ್ಯಕ್ಕೆ ಹಳೇ ರೀತಿಯಲ್ಲೇ ಹೊಸ ವೈರು ಹಾಕಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟು, 12 ವೋಲ್ಟ್ ಕೊಟ್ಟೆ. ಓಡಿತು, ಹಿಂದಕ್ಕೆ. ಹಳಿಗೆ ವೈರು ಉಲ್ಟಾ ಕೊಟ್ಟಿದ್ದೆ. ಓದಿದವನು ನೋಡು.

ದಸರಾಕ್ಕೆ ಬಾ. ಹಸಿರು ಕರ್ಚೀಫು ಒಗೆದು ತಾ, ಈ ಸಲ ಮೂರನೇ ಮಿರ್ಚಿ ನನ್ನದು. ವಾಲ್ ಟ್ಯೂಬು ಇನ್ನೂ ಮುಕ್ಕಾಲು ಗೇಣು ಉಳಿದಿದೆ, ಅಪ್ಪಾಜಿ ಕೈಗೆ ಕೊಡೋಕೆ ಹೋಗಬೇಕಾದರೆ ನೀನೂ ಜೊತೆಗೆ ಇಳಿದು ಬಾ.

ನಿನ್ನ
ಡ್ರೈವರ್