ಭಾನುವಾರ ಹಾಳೆ ತುಂಬಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಗಂಗಾವತಿಯಲ್ಲಿ ಕಾಲೇಜು ಮಕ್ಕಳಿಂದ ‘ನಾನು ಯಾರು’ ಹಾಳೆ (ತಮ್ಮ ಬಗ್ಗೆ ತಾವೇ ವಾಕ್ಯ ಬರೆಯುವ ಹಾಳೆ) ತುಂಬಿಸುತ್ತೇವೆ, ಅಲ್ವಾ? ಒಂದೇ ವಿನಂತಿ. ಹಾಳೆ ಕೊಡುವ ಮುಂಚೆ ‘ಯಾರ ಪೈಕಿ? ಯಾವ ಊರು? ಅಪ್ಪ ಏನು ಮಾಡ್ತಾರೆ?’ ಅಂತ ದಯವಿಟ್ಟು ಕೇಳಬೇಡಿ. ನಮ್ಮ ಕಡೆ ಮಾತು ಶುರುವಾಗುವುದೇ ಹಾಗೆ, ಅದು ಪ್ರೀತಿಯೇ. ಆದರೆ ಹಾಳೆಯ ಉತ್ತರ ಊರು, ಮನೆತನದ ಕಡೆಗೇ ವಾಲಿಬಿಡುತ್ತದೆ.

1991ರಲ್ಲಿ ಟ್ರಾಫಿಮೊ, ಟ್ರಯಾಂಡಿಸ್, ಗೊಟೊ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿದ್ದರು. ಮನೆಯವರು, ಗೆಳೆಯರಿಗಿಂತ ನೀವು ಹೇಗೆ ಬೇರೆ ಅಂತ ಕೆಲವರಿಗೆ 2 ನಿಮಿಷ ಯೋಚಿಸಲು ಹೇಳಿದರು. ಉಳಿದವರಿಗೆ, ಅವರಿಗೂ ನಿಮಗೂ ಏನೇನು ಸಮಾನ ಅಂತ. ಆಮೇಲೆ ತಮ್ಮ ಬಗ್ಗೆ ಬರೆಯಿರಿ ಅಂದಾಗ ಎರಡನೆಯವರು ‘ನಾನು ಇಂಥ ಗುಂಪಿನವನು’ ಅನ್ನುವಂಥ ವಾಕ್ಯಗಳನ್ನೇ ಜಾಸ್ತಿ ಬರೆದರು. ಬರೀ ಎರಡು ನಿಮಿಷ ನೋಡಿ!

ನನಗೆ ಇನ್ನೂ ಇಷ್ಟವಾದದ್ದು ಗಾರ್ಡ್ನರ್, ಗೇಬ್ರಿಯಲ್, ಲೀ ಎಂಬ ಮನೋವಿಜ್ಞಾನಿಗಳ 1999ರ ಕೆಲಸ. ನಗರಕ್ಕೆ ಹೋಗಿಬಂದ ಸಣ್ಣ ಕಥೆಯಲ್ಲಿ ಸರ್ವನಾಮಗಳಿಗೆ ಸುತ್ತು ಹಾಕಿಸಿದರು, ಅಷ್ಟೇ. ‘ನಾವು’ ಹುಡುಕಿದ ಅಮೆರಿಕದ ವಿದ್ಯಾರ್ಥಿಗಳು ಗುಂಪಿನ ಕಡೆ ವಾಲಿದರು. ‘ನಾನು’ ಹುಡುಕಿದ ಹಾಂಗ್‌ಕಾಂಗ್‌ನವರು ಸ್ವಂತದ ಕಡೆ. ಅಂದರೆ ಎರಡೂ ಎಲ್ಲರೊಳಗೂ ಇರುತ್ತವೆ. ಹಾಗಾಗಿ ‘ನಮ್ಮ ಕಡೆಯವರೆಲ್ಲ ಹೀಗೇ’ ಅಂತ ವರದಿಯಲ್ಲಿ ಸುಮ್ನೆ ಬರೆಯಬೇಡಿ.

ಊರು, ಮನೆತನದ ಪ್ರಶ್ನೆಗಳನ್ನು ಕೊನೇ ಪುಟಕ್ಕೆ ಹಾಕಿದ್ದೇನೆ. ಒಗ್ಗರಣೆ ಮಿರ್ಚಿ, ಚಹಾ ಎಲ್ಲರೂ ಹಾಳೆ ವಾಪಸ್ ಕೊಟ್ಟ ಮೇಲೆ. ಬೆಳಿಗ್ಗೆ 10ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸೇರೋಣ.