ಪಯಸ್ವಿನಿಗೆ ಹಲಗೆ ಇಳಿಸುವುದು ಯಾವಾಗ?

ಮಾನ್ಯ ಸಂಪಾದಕರೇ,

ಕಾಸರಗೋಡಿನ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಚಂದ್ರಗಿರಿ ಹೊಳೆ ಗಡಿಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಅದರ ನೀರಿನ ಸುದ್ದಿ ಬರುವುದು ಬೇಸಗೆಯಲ್ಲಿ, ನಲ್ಲಿನೀರು ಉಪ್ಪಾದ ಮೇಲೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಏಪ್ರಿಲ್‌ನ ಉಪ್ಪಿಗೆ ಮದ್ದು ಮಾಡಬೇಕಾದದ್ದು ಡಿಸೆಂಬರ್‌ನಲ್ಲಿ, ಅದೂ ಗಡಿಯ ಎರಡೂ ಕಡೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸಂಪಾಜೆ, ಅರಂತೋಡು, ಸುಳ್ಯದವರೆಗೆ ಮಡಿಕೇರಿ ರಸ್ತೆಯ ಮಗ್ಗುಲಲ್ಲೇ ಇಳಿದುಬರುವ ಹೊಳೆ ಪಯಸ್ವಿನಿ. ಅದು ಕೇರಳ ಹೊಕ್ಕು, ಇನ್ನೊಂದು ಕವಲನ್ನು ಕೂಡಿಕೊಂಡು, ಚಂದ್ರಗಿರಿಯೆನಿಸಿ ತಳಂಗರೆಯಲ್ಲಿ ಕಡಲು ಸೇರುತ್ತದೆ. ಉದ್ದ 105 ಕಿ.ಮೀ. ಜಲಾನಯನ ಪ್ರದೇಶ 1,400 ಚದರ ಕಿ.ಮೀ.ಗೂ ಹೆಚ್ಚು, ಅದರಲ್ಲಿ ಕೇರಳಕ್ಕೆ ಸೇರಿದ್ದು 570 ಮಾತ್ರ. ಎಂದರೆ ಕಾಸರಗೋಡು ಪೇಟೆ ಕುಡಿಯುವ ನೀರಿನ ಬಹುಪಾಲು ಮಳೆಯಾಗಿ ಬೀಳುವುದು ಕರ್ನಾಟಕದಲ್ಲಿ.

ತುಳುನಾಡಿಗೂ ಮಲೆಯಾಳಕ್ಕೂ ಈ ಹೊಳೆಯೇ ಎಲ್ಲೆ ಎಂಬುದು ಹಳೆಯ ನಂಬಿಕೆ. ನಾಯರ್ ಹೆಂಗಸರು ಇದನ್ನು ದಾಟಬಾರದೆಂಬ ಕಟ್ಟಳೆಯೂ ಇತ್ತು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಇದರ ತೆಂಕಣ ದಡದ ಗುಡ್ಡದ ಮೇಲೆ ಮುರಕಲ್ಲಿನ ಕೋಟೆ ಕಟ್ಟಿಸಿದ, ಅದಕ್ಕೂ ದಕ್ಷಿಣಕ್ಕೆ ಬೇಕಲದಲ್ಲಿ ಇನ್ನೂ ದೊಡ್ಡದನ್ನು. ಮದ್ರಾಸ್ ಆಡಳಿತದಲ್ಲಿ ಕಾಸರಗೋಡು ತಾಲ್ಲೂಕು ಹೊಳೆಯ ಎರಡೂ ಮಗ್ಗುಲಿಗೆ ಹಬ್ಬಿ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಹೋಯಿತು. ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಯಾಗಲಿಲ್ಲ. ಆ ನೋವು ಇಲ್ಲಿನ ಕನ್ನಡಿಗರಲ್ಲಿ ಇಂದಿಗೂ ಆರಿಲ್ಲ, ಆರಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ವರದಿ ಜಾರಿಯಾಗಿದ್ದರೂ ಬಡಗಣ ದಡದವರೂ ತೆಂಕಣ ದಡದವರೂ ಎತ್ತುವ ನೀರು ಒಂದೇ ಪಾತ್ರದ್ದಾಗಿರುತ್ತಿತ್ತು.

ಈಗ ಉಪ್ಪಿನ ವಿಚಾರ. ಮಳೆ ನಿಂತು ಹರಿವು ಸೊರಗಿದಂತೆ ಅಳಿವೆಯಿಂದ ಕಡಲನೀರು ಮೇಲೇರುತ್ತದೆ. ಉಪ್ಪುನೀರು ಭಾರ, ಅದು ಸಿಹಿನೀರಿನ ಅಡಿಯಲ್ಲಿ, ಹೊಳೆಯ ತಳ ಹಿಡಿದು ನುಸುಳುತ್ತದೆ. ಮೇಲಿನ ನೀರು ಬಾಯಿಗೆ ಸಪ್ಪೆಯಾಗಿರುವಾಗಲೇ ತಳದಿಂದ ಎಳೆಯುವ ಪಂಪಿಗೆ ಉಪ್ಪು ಸಿಕ್ಕಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಇದು ಇನ್ನೂ ಹೆಚ್ಚು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಎನ್ನುತ್ತದೆ ಭಾರತೀಯ ಮಾನಕ. ಕಾಸರಗೋಡು ಪೇಟೆಗೆ ನೀರೆತ್ತುವ ಬಾವಿಕ್ಕರೆಯಲ್ಲಿ ವರ್ಷವರ್ಷವೂ ಮರಳಿನ ಮೂಟೆ ಪೇರಿಸಿ ತಾತ್ಕಾಲಿಕ ತಡೆ ಕಟ್ಟುತ್ತಿದ್ದ ಕಾಲ ಹೋಗಿ ಕಾಯಂ ಅಣೆಕಟ್ಟು ಬಂದಿದೆ. ಸಂತೋಷ. ಆದರೆ ಬಾಗಿಲು ಮುಚ್ಚುವುದು ತಡವಾದರೆ ಆಗಲೇ ಒಳನುಗ್ಗಿದ ಉಪ್ಪು ತಳದ ಗುಂಡಿಗಳಲ್ಲಿ ಸಿಕ್ಕಿಬೀಳುತ್ತದೆ. ಮೇಲಿನಿಂದ ಹರಿವು ಇನ್ನೂ ಇರುವಾಗಲೇ, ಕಡಲಿನ ಇಳಿತದ ಹೊತ್ತು ನೋಡಿ ಬಾಗಿಲನ್ನು ಅಡಿಯಿಂದ ತುಸು ಎತ್ತಿ ಆ ಉಪ್ಪುನೀರನ್ನು ಹೊರಗೆ ಬಿಡಬೇಕು. ಹರಿವು ನಿಂತ ಮೇಲೆ ಈ ಉಪಾಯ ನಡೆಯದು.

ಆ ಹರಿವು ಉಳಿಯುವುದು ಸುಳ್ಯ ಸೀಮೆಯ ಕಿಂಡಿ ಅಣೆಕಟ್ಟು, ಕಟ್ಟಗಳನ್ನು ನೆಚ್ಚಿಕೊಂಡು. ಕಿಂಡಿ ಅಣೆಕಟ್ಟೆಂದರೆ ಕಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಸಣ್ಣ ಒಡ್ಡು. ತುಲಾ ಮಳೆ, ಅಂದರೆ ಅಕ್ಟೋಬರ್-ನವೆಂಬರ್‌ನ ಹಿಂಗಾರು, ಮುಗಿಯುವ ಮೊದಲೇ ಹಲಗೆ ಇಳಿಸಿದರೆ ಒಂದು ಜೋರು ಮಳೆಗೆ ಕೊಚ್ಚಿಹೋಗುತ್ತದೆ. ಜನವರಿಯವರೆಗೆ ಕಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಸರಿಯಾದ ಹೊತ್ತು. ಹಲಗೆ ಎರಡು ಸಾಲು ಬೇಕು, ನಡುವೆ ಜಿಗುಟು ಮಣ್ಣನ್ನು ಹಂತಹಂತವಾಗಿ ತುಳಿದು ತುಂಬಬೇಕು. ಬರೀ ಒಂದು ಸಾಲಾದರೆ ಸಂದಿನಲ್ಲೇ ನೀರು ಸೋರಿ ಖಾಲಿಯಾಗುತ್ತದೆ. ಬಿಸಿಲಿಗೆ ಬಿದ್ದು ಸೊಟ್ಟಗಾದ ಹಲಗೆ ಕಂಡಿಗೆ ಕೂರುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಅವನ್ನು ಮಾಡಿನಡಿ ಮಟ್ಟಸವಾಗಿ ಅಟ್ಟಿ ಇಡಬೇಕು. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ತುಳು ಆಚರಣೆಗೆ, ಮುನ್ನ ಎಲ್ಲ ಹಲಗೆ ಮೇಲೆ ಬರಬೇಕು. ಇಲ್ಲವಾದರೆ ಮೊದಲ ನೆರೆಯಲ್ಲಿ ಮರದ ದಿಮ್ಮಿ, ಕಸ ಅಡ್ಡಬಿದ್ದು ನೀರು ಪಕ್ಕದ ತೋಟವನ್ನು ಕೊರೆಯುತ್ತದೆ. ಹಾಗೆಯೇ ಮೇಲಿನ ಕಟ್ಟಗಳು ಬಿಗಿಯಾಗಿ ಮುಚ್ಚಿ, ದಡದ ತೋಟದ ಪಂಪುಗಳೂ ಓಡಿದರೆ ಕೆಳಗಿನವರಿಗೆ ಉಳಿಯುವುದು ಒಣ ಬಂಡೆ. ತುಂಬಿದ ಮೇಲೆ ಹೆಚ್ಚಿನ ನೀರು ಹಲಗೆಯ ಮೇಲಿಂದ ಹರಿಯುವಷ್ಟು ಎತ್ತರವನ್ನೇ ಇಡಬೇಕು.

ಹೊಳೆಯ ಗುಂಡಿಗಳೂ ಮೊದಲಿನಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಣ್ಣು, ಕಲ್ಲು ಪಯಸ್ವಿನಿಗೆ ಬಂತು. ಮೇಲ್ಭಾಗದ ಆ ಹೂಳನ್ನು ತೆಗೆಯುವುದು ಬೇರೆ, ಕೆಳಭಾಗದಲ್ಲಿ ಮರಳು ಬಗೆಯುವುದೇ ಬೇರೆ. ಅಳಿವೆಯ ಹತ್ತಿರ ತಳ ಆಳವಾದಷ್ಟೂ ಉಪ್ಪು ಮುಂದೆ ಬರುತ್ತದೆ. ಅಪರೂಪದ ದೈತ್ಯ ಮೃದುಚಿಪ್ಪಿನ ಆಮೆ, ಕ್ಯಾಂಟರ್ ಆಮೆ, ಮೊಟ್ಟೆ ಇಡುವುದೂ ಇದೇ ಹೊಳೆಯ ಮರಳ ದಿಬ್ಬಗಳಲ್ಲಿ.

ಸುಳ್ಯದಲ್ಲಿ ಎಂದು ಹಲಗೆ ಇಳಿಯಿತು, ಬಾವಿಕ್ಕರೆಯಲ್ಲಿ ಎಂದು ಬಾಗಿಲು ಮುಚ್ಚಿತು ಎಂಬುದು ಎರಡೂ ಜಿಲ್ಲಾಡಳಿತಗಳಿಗೆ ಪರಸ್ಪರ ತಿಳಿದಿರಬೇಕು. ತಮ್ಮಲ್ಲಿ ಒಂದು ಕೋರಿಕೆ: ಜಲಾಶಯಗಳ ಮಟ್ಟ ಪ್ರಕಟಿಸುವ ಅಂಕಣದಲ್ಲೇ ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಸುಳ್ಯದ ನೀರಿನ ಮಟ್ಟವನ್ನೂ ಬಾವಿಕ್ಕರೆಯ ಕ್ಲೋರೈಡ್ ಅಂಕಿಯನ್ನೂ ಅಕ್ಕಪಕ್ಕ ಕೊಡಿ. ಎರಡು ಸಾಲು ಜಾಗ ಸಾಕು.

ಇಂತಿ,
ಪಯಸ್ವಿನಿ ದಡದ ಓದುಗ