ಹೊಗೆ ಬರುವ ಪೆಟ್ಟಿಗೆಯ ಮೇಲೆ ನಾಲ್ಕು ಸಾಲು ಕನ್ನಡ ಇರಲಿ

ಮಾನ್ಯರೇ,

ಹೊಸತೊಡಕಿನ ಮರುವಾರ ನಿಮ್ಮ ಓದುಗರ ಪತ್ರಗಳಲ್ಲಿ ಜಯನಗರದವರೊಬ್ಬರು ಬರೆದಿದ್ದರು. ಮೊಬೈಲ್‌ನಲ್ಲಿ ಆರ್ಡರ್ ಮಾಡಿ ಎರಡು ಕೆಜಿ ಮಟನ್ ತರಿಸಿದರಂತೆ. ಪೆಟ್ಟಿಗೆ ಬಿಚ್ಚಿದರೆ ಬಿಳಿ ಹೊಗೆ. ಮೇಲಿನ ಪೊಟ್ಟಣ ಕಲ್ಲಿನ ಹಾಗೆ ಗಟ್ಟಿ, ಕೆಳಗಿನದು ನೇರಳೆ ಬಣ್ಣ. ತಾಜಾ ಅಂತ ದುಡ್ಡು ತಗೊಂಡು ಹಳೇ ಮಾಲು ಕಳಿಸಿದ್ದಾರೆ, ಮೇಲೆ ಏನೋ ಕೆಮಿಕಲ್ ಬೇರೆ ಹಾಕಿದ್ದಾರೆ ಅನ್ನೋದು ಅವರ ದೂರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಸತೊಡಕಿನ ದಿನ ಬಾಡು ಕೆಟ್ಟರೆ ಮನೆಗೆ ಬಂದ ನೆಂಟರಿಗೆ ಏನಂತ ಹೇಳೋದು? ಆದರೆ ಅವರು ಬರೆದದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಅಂಥ ಪೆಟ್ಟಿಗೆ ಕಟ್ಟುವ ಕೆಲಸದವಳು ನಾನು. ಅದಕ್ಕೇ ಈ ಕಾಗದ.

ಥಣಿಸಂದ್ರದ ಕಡೆ ಒಂದು ಮಾಂಸದ ಯೂನಿಟ್‌ನಲ್ಲಿ ಒಂಬತ್ತು ವರ್ಷದಿಂದ ಪ್ಯಾಕಿಂಗ್ ಟೇಬಲ್ ಮುಂದೆ ನಿಲ್ಲುತ್ತಿದ್ದೇನೆ. ಊರು ಚಿಕ್ಕಬಳ್ಳಾಪುರದ ಹತ್ತಿರ, ಈಗ ಇರುವುದು ಯಲಹಂಕದಲ್ಲಿ. ರಾತ್ರಿ ಎರಡಕ್ಕೆ ಕೆಲಸ ಶುರು. ಒಳಗೆ ಎರಡು ಸ್ವೆಟರ್, ಮೇಲೆ ಏಪ್ರನ್, ತಲೆಗೆ ಬಲೆ ಟೋಪಿ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಸ್ವೆಟರ್ ಹಿಡಿದುಕೊಂಡು ಬಸ್ಸು ಹತ್ತಿದರೆ ಕಂಡಕ್ಟರ್ ಒಂದು ಸಲ ನೋಡೇ ನೋಡುತ್ತಾರೆ.

ಮೊದಲು ಹೊಗೆಯ ವಿಷಯ. ಅದು ಡ್ರೈ ಐಸ್. ಗೋಲಿ ಸೋಡಾದಲ್ಲಿ ಬುಸ್ಸೆನ್ನುತ್ತದಲ್ಲ, ಆ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನೇ ಗಟ್ಟಿ ಮಾಡಿದ್ದು. ಮೈನಸ್ 78.5 ಡಿಗ್ರಿ ತಣ್ಣಗಿರುತ್ತದೆ. ಮಂಜುಗಡ್ಡೆಯ ಹಾಗೆ ಕರಗಿ ನೀರಾಗುವುದಿಲ್ಲ, ನೇರ ಗ್ಯಾಸ್ ಆಗಿ ಹೋಗುತ್ತದೆ. ಗ್ಯಾಸಿಗೆ ಬಣ್ಣವಿಲ್ಲ. ಕಾಣುವ ಬಿಳಿ ಹೊಗೆ ಸುತ್ತಲ ಗಾಳಿಯ ತೇವ, ಚಳಿಗೆ ಮಂಜು ಕಟ್ಟಿದ್ದು, ಅಷ್ಟೇ. ಈಗ ಮದುವೆ ರಿಸೆಪ್ಷನ್‌ಗಳಲ್ಲಿ ಹುಡುಗ ಹುಡುಗಿ ಸ್ಟೇಜಿಗೆ ಬರುವಾಗ ಕಾಲಡಿ ಮೋಡ ಹರಿಸುತ್ತಾರಲ್ಲ, ಬಹಳ ಕಡೆ ಅದೂ ಇದೇ. ಮಾಂಸಕ್ಕೆ ಬೆರೆಸುವ ಔಷಧಿಯಲ್ಲ ಇದು. ಪೊಟ್ಟಣದ ಹೊರಗೆ ಇರುತ್ತದೆ.

ಮತ್ತೆ ಮಾಮೂಲಿ ಐಸ್ ಯಾಕಲ್ಲ ಅಂತ ಕೇಳಬಹುದು. ಅದೇ ತೂಕದ ಮಂಜುಗಡ್ಡೆಗಿಂತ ಡ್ರೈ ಐಸ್ ಹೆಚ್ಚುಕಮ್ಮಿ ಎರಡರಷ್ಟು ಬಿಸಿ ಹೀರುತ್ತದೆ. ನೀರು ಬಿಡುವುದಿಲ್ಲ. ಮಂಜುಗಡ್ಡೆ ಕರಗಿದ ನೀರಿಗೆ ರಕ್ತ ಬೆರೆತು ರಟ್ಟಿನ ಪೆಟ್ಟಿಗೆ ಒದ್ದೆಯಾದರೆ, ದೇವನಹಳ್ಳಿ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಮುಟ್ಟುವುದೂ ಇಲ್ಲ, ವಾಪಸ್ ಕಳಿಸುತ್ತಾರೆ.

ನೇರಳೆ ಬಣ್ಣಕ್ಕೂ ಗಾಬರಿ ಬೇಡ. ಗಾಳಿ ಎಳೆದು ಪ್ಯಾಕ್ ಮಾಡಿದ ಮಾಂಸ ಹಾಗೇ ಇರುತ್ತದೆ. ನಾವು ಮಾಂಸದಂಗಡಿಯಲ್ಲಿ ನೋಡುವ ಕೆಂಪು, ಗಾಳಿ ತಾಗಿ ಬಂದ ಕೆಂಪು. ಪೊಟ್ಟಣ ಕತ್ತರಿಸಿ ತಟ್ಟೆಗೆ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಬಣ್ಣ ತಿರುಗುತ್ತದೆ. ತಿರುಗದೆ ಕಂದು ಬಣ್ಣವಾಗಿ, ಮುಟ್ಟಿದರೆ ಲೋಳೆ ಲೋಳೆ ಇದ್ದು, ಹುಳಿ ವಾಸನೆ ಹೊಡೆದರೆ ಆಗ ಜಗಳ ಮಾಡಿ. ನಾನೂ ನಿಮ್ಮ ಪರ.

ಇನ್ನು ಕಲ್ಲಾಗಿದ್ದ ಪೊಟ್ಟಣ. ಅದು ನಮ್ಮ ತಪ್ಪೇ. ಜಯನಗರದವರಿಗೆ ಯಾವ ಯೂನಿಟ್‌ನಿಂದ ಬಂತೋ ಗೊತ್ತಿಲ್ಲ, ಆದರೆ ಕಟ್ಟಿದವರು ಅವಸರ ಮಾಡಿದ್ದಾರೆ ಅಂತ ಓದಿದ ಕೂಡಲೇ ಹೇಳಬಲ್ಲೆ. ತಾಜಾ ಮಾಂಸ ಇರಬೇಕಾದ್ದು 0ಯಿಂದ 4 ಡಿಗ್ರಿ ಒಳಗೆ. ಮೈನಸ್ ಎರಡರ ಆಸುಪಾಸಿಗೆ ಹೋದರೆ ಹೆಪ್ಪುಗಟ್ಟಲು ಶುರು. ಡ್ರೈ ಐಸನ್ನು ಪೊಟ್ಟಣದ ಮೇಲೆ ನೇರ ಸುರಿದರೆ ತಾಗಿದ ಕಡೆಯೆಲ್ಲ ಗಟ್ಟಿಯಾಗುತ್ತದೆ. ಒಳಗೆ ಸೂಜಿಯ ಹಾಗೆ ಮಂಜಿನ ಹರಳು ಕಟ್ಟಿ ಮಾಂಸದ ಎಳೆ ಒಡೆಯುತ್ತದೆ. ಆಮೇಲೆ ಕರಗಿಸಿದಾಗ ರಸವೆಲ್ಲ ತಟ್ಟೆಗೆ ಇಳಿದು ತುಂಡು ಸಪ್ಪೆ. ಲಿವರ್ ಅಂತೂ ಅಂಬಲಿ.

ಸರಿಯಾಗಿ ಕಟ್ಟುವುದು ಹೇಗೆ ಅಂತ ಕೇಳಿ. ಕಡಿದ ಮಾಂಸ ಮೊದಲು ಕೋಲ್ಡ್ ರೂಮಿನಲ್ಲಿ ಪೂರ್ತಿ ತಣಿಯಬೇಕು. ಬಿಸಿ ಇರುವಾಗಲೇ ಪೆಟ್ಟಿಗೆಗೆ ಹಾಕಿದರೆ ಡ್ರೈ ಐಸೆಲ್ಲ ಅದನ್ನು ತಣಿಸುವುದರಲ್ಲೇ ಖರ್ಚು, ದಾರಿಗೆ ಏನೂ ಉಳಿಯುವುದಿಲ್ಲ. ಥರ್ಮಾಕೋಲ್ ಪೆಟ್ಟಿಗೆಯನ್ನೂ ರಾತ್ರಿಯೇ ಒಳಗೆ ಇಟ್ಟು ತಂಪು ಮಾಡಿಕೊಳ್ಳುತ್ತೇವೆ. ನಲ್ಲಿ ಮೂಳೆಯ ಚೂಪು ತುದಿಗೆ ದಪ್ಪ ಕಾಗದ ಸುತ್ತಬೇಕು, ಇಲ್ಲದಿದ್ದರೆ ಗಾಳಿ ಎಳೆಯುವಾಗ ಕವರ್ ಟಪ್ಪಂತ ತೂತು. ಅಡಿಗೆ ರಕ್ತ ಹೀರುವ ಹಾಳೆ, ಅದರ ಮೇಲೆ ಪೊಟ್ಟಣಗಳು, ಅದರ ಮೇಲೆ ಎರಡು ಪದರ ರಟ್ಟು. ರಟ್ಟಿನ ಮೇಲೆ ಡ್ರೈ ಐಸ್, ಕಾಗದದ ಚೀಲದಲ್ಲಿ. ತಣ್ಣನೆ ಗ್ಯಾಸ್ ಭಾರ, ಮೇಲಿಂದ ಕೆಳಗೆ ತಾನಾಗಿ ಇಳಿಯುತ್ತದೆ. ಆ ರಟ್ಟು ಇದೆಯಲ್ಲ, ಅದರ ಬೆಲೆ ಎರಡು ರೂಪಾಯಿಯೂ ಇರಲಿಕ್ಕಿಲ್ಲ. ಹಬ್ಬದ ದಿನ ಮೊದಲು ಬಿಟ್ಟುಹೋಗುವುದು ಅದೇ. ಊರೊಳಗೆ ಎರಡು ಗಂಟೆಯ ದಾರಿಗೆ ಡ್ರೈ ಐಸೇ ಬೇಡ, ಜೆಲ್ ಪ್ಯಾಕ್ ಸಾಕು. ನಾನಾಗಿದ್ದರೆ ಜಯನಗರಕ್ಕೆ ಅದನ್ನೇ ಹಾಕುತ್ತಿದ್ದೆ. ಆದರೆ ಜೆಲ್ ಪ್ಯಾಕ್ ವಾಪಸ್ ಬರುವುದಿಲ್ಲ, ಹಬ್ಬದ ಹೊತ್ತಿಗೆ ಸ್ಟಾಕ್ ಖಾಲಿ. ಆಗ ಕೈಗೆ ಸಿಕ್ಕಿದ್ದು ಸುರಿಯುವುದು.

ಹೊಸ ಹುಡುಗರು ಮಾಡುವ ಇನ್ನೊಂದು ಕೆಲಸ ನನಗೆ ನಿದ್ದೆ ಕೆಡಿಸುತ್ತದೆ. ಮುಚ್ಚಳದ ಸುತ್ತ ನಾಲ್ಕೂ ಕಡೆ ಟೇಪ್ ಬಿಗಿಯುತ್ತಾರೆ. ತಂಪು ಹೊರಗೆ ಹೋಗಬಾರದು ಅಂತ ಅವರ ಲೆಕ್ಕ. ಪಾಪ, ಒಳ್ಳೇದಕ್ಕೇ ಮಾಡೋದು. ಆದರೆ ಗ್ಯಾಸ್ ಹೋಗಲು ಸಂದು ಇರಲೇಬೇಕು. 1 ಕೆಜಿ ಡ್ರೈ ಐಸ್ ಪೂರ್ತಿ ಆವಿಯಾದರೆ ಐನೂರು ಲೀಟರಿಗಿಂತ ಜಾಸ್ತಿ ಗ್ಯಾಸ್. ನಮ್ಮ ವಠಾರದ ತಾರಸಿ ಮೇಲಿರುವ ಸಿಂಟೆಕ್ಸ್ ಟ್ಯಾಂಕು 500 ಲೀಟರಿನದು. ಒಂದು ಕೆಜಿಗೆ ಒಂದು ಟ್ಯಾಂಕು ಅಂತ ಹುಡುಗರಿಗೆ ಹೇಳಿಕೊಡುತ್ತೇನೆ. ಅದನ್ನು ಡಬ್ಬಿಯೊಳಗೆ ತುರುಕಿ ಮುಚ್ಚಿದರೆ ಏನಾಗುತ್ತೆ ಅಂತ ನನ್ನ ತಂಗಿಯ ಮಗ ತೋರಿಸಿಕೊಟ್ಟಿದ್ದಾನೆ. ಪಕ್ಕದ ಮನೆಗೆ ಬಂದ ಪೆಟ್ಟಿಗೆಯಲ್ಲಿ ಉಳಿದಿದ್ದ ನಾಲ್ಕು ಚೂರು ತಂದು, ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿ, ನೀರು ಬಿಟ್ಟು, ಬಿರಡೆ ತಿರುಗಿಸಿದ. ಬಾಟಲಿ ಉಬ್ಬಿದ್ದು ಕಂಡು ಹೆದರಿ ಎಸೆದು ಓಡಿದ್ದಕ್ಕೆ ಬಚಾವ್. ಪಟಾಕಿ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ಕಾಂಪೌಂಡ್ ಪಕ್ಕದಲ್ಲಿದ್ದ ಹೂವಿನ ಕುಂಡ ಎರಡು ಹೋಳು.

ಗ್ಯಾಸಿನ ಅಪಾಯ ನನಗೇ ಆದಾಗ ಗೊತ್ತಾಯಿತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ. ಕಾರ್ಗೋಗೆ ಹೋಗುವ ಓಮ್ನಿ ನಮ್ಮ ಕಡೆಯೇ ಹಾದು ಹೋಗುತ್ತದೆ, ಕೋಗಿಲು ಕ್ರಾಸ್‌ನಲ್ಲಿ ಇಳಿಯೋಣ ಅಂತ ಹತ್ತಿದೆ. ಹಿಂದೆ ಪೆಟ್ಟಿಗೆಗಳು. ಜೊತೆಗೆ ಮೇಲುಭರ್ತಿಗೆ ಅಂತ ಡ್ರೈ ಐಸ್ ಚೂರು ತುಂಬಿದ ಗೋಣಿಚೀಲ, 20 ಕೆಜಿ ಇರಬಹುದು, ಪೆಟ್ಟಿಗೆಯಿಲ್ಲ ಏನಿಲ್ಲ. ಜೋರು ಮಳೆ, ಕಿಟಕಿ ಗಾಜು ಏರಿಸಿದ್ದೆವು. ಕ್ರಾಸ್‌ಗೆ ಮೊದಲೇ ಟ್ರಾಫಿಕ್ ನಿಂತಿತು. ಹದಿನೈದು ನಿಮಿಷ ಆಗಿರಬಹುದು, ಮೆಟ್ಟಿಲು ಹತ್ತಿದವರ ಹಾಗೆ ನನಗೆ ಮೇಲುಸಿರು. ಸುಮ್ನೆ ಕೂತವಳಿಗೆ ಯಾಕೆ ಏದುಸಿರು? ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ಅಷ್ಟರಲ್ಲಿ ಡ್ರೈವರ್ ಹುಡುಗ, "ಅಕ್ಕಾ, ತಲೆ ಸಿಡೀತಿದೆ, ಕಣ್ಣು ಮಂಜಾಗ್ತಿದೆ" ಅಂದ. ಆಗ ಹೊಳೆಯಿತು. ಬಾಗಿಲು ತೆಗೆದು ಇಬ್ಬರೂ ಮಳೆಯಲ್ಲಿ ಇಳಿದು ನಿಂತೆವು. ಹಿಂದಿನ ಕಾರಿನವರು ಹಾರ್ನ್ ಮೇಲೆ ಹಾರ್ನ್. ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮ ತಾತ. ರಾಗಿ ತುಂಬಿದ ಹಗೇವು, ಅಂದರೆ ನೆಲದೊಳಗಿನ ಕಣಜ, ತೆಗೆದರೆ ಯಾರೂ ಒಡನೆ ಇಳಿಯುವಂತಿರಲಿಲ್ಲ. ಬಾಯಿ ತೆರೆದು ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಒಳಗೆ ತುಂಬಿರುತ್ತಿದ್ದದ್ದು ಹೆಚ್ಚಾಗಿ ಇದೇ ಗ್ಯಾಸ್. ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ತಾತನಿಗೆ ಹೆಸರು ಗೊತ್ತಿರಲಿಲ್ಲ, ಎಚ್ಚರ ಗೊತ್ತಿತ್ತು. ನನಗೆ ಹೆಸರು ಗೊತ್ತಿದ್ದೂ ಗಾಜು ಏರಿಸಿ ಕೂತಿದ್ದೆ.

ಈಗ ನಾನು ಹೇಳಬೇಕು ಅಂತ ಕೂತ ಮಾತು. ಅದೇ ಓಮ್ನಿಯಲ್ಲಿ ಕಾರ್ಗೋಗೆ ಹೋಗುವ ಪೆಟ್ಟಿಗೆಗಳ ಮೇಲೆ ಏನೇನಿರುತ್ತದೆ ನೋಡಿ. ಅಪಾಯದ ಸರಕು ಅಂತ ತಿಳಿಸುವ ಕಪ್ಪು ಪಟ್ಟೆಗಳ ವಜ್ರಾಕಾರದ ಚೀಟಿ, ಕೆಳಗೆ 9 ಅನ್ನೋ ಅಂಕಿ. ಯುಎನ್ 1845 ಅನ್ನೋ ನಂಬರ್, ಅದು ಡ್ರೈ ಐಸಿನ ಗುರುತು. ಒಳಗೆ ಎಷ್ಟು ಕೆಜಿ ಡ್ರೈ ಐಸ್ ಅಂತ ಲೆಕ್ಕ. ಇದರಲ್ಲಿ ಒಂದು ತಪ್ಪಿದರೂ ವಿಮಾನಕ್ಕೆ ಹತ್ತಿಸುವುದಿಲ್ಲ. ಪ್ರಯಾಣಿಕರು ಲಗೇಜಿನಲ್ಲಿ ಒಯ್ಯುವುದಿದ್ದರೂ ತಲಾ 2.5 ಕೆಜಿಗೆ ಮಿತಿ, ಅದೂ ವಿಮಾನದವರು ಒಪ್ಪಿದರೆ. ಅಷ್ಟು ಕಟ್ಟುನಿಟ್ಟು. ಅದೇ ಡ್ರೈ ಐಸ್ ಅದೇ ಬೆಳಿಗ್ಗೆ ಜಯನಗರಕ್ಕೋ ರಾಜಾಜಿನಗರಕ್ಕೋ ಸ್ಕೂಟರ್ ಮೇಲೆ ಹೋಗುವಾಗ ಪೆಟ್ಟಿಗೆ ಮೇಲೆ ಇರುವುದು ನಗುವ ಕುರಿಯ ಚಿತ್ರ, ಮುಂದಿನ ಆರ್ಡರ್‌ಗೆ ಐವತ್ತು ರೂಪಾಯಿ ಕಡಿತ ಅನ್ನುವ ಇಂಗ್ಲಿಷ್ ಸಾಲು. ಕುರಿ ಯಾಕೆ ನಗಬೇಕೋ ನನಗಂತೂ ತಿಳಿಯದು.

ಪೆಟ್ಟಿಗೆ ಹೊತ್ತು ಹೋಗುವ ಹುಡುಗರಲ್ಲಿ ರಾಯಚೂರು, ಯಾದಗಿರಿ ಕಡೆಯವರು ತುಂಬಾ ಇದ್ದಾರೆ. ಕನ್ನಡ ಚೆನ್ನಾಗಿ ಓದುತ್ತಾರೆ. ಮನೆಯಲ್ಲಿ ಪೆಟ್ಟಿಗೆ ಬಿಚ್ಚುವವರು ಅತ್ತೆಯೋ, ಅಜ್ಜಿಯೋ, ಕೆಲಸದ ಹೆಂಗಸೋ. ಅವರಿಗೂ ಕನ್ನಡ ಬರುತ್ತದೆ. ಬರೆದಿದ್ದರೆ ತಾನೇ ಓದುವುದು? 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಬಾಯಿ ವಾಸನೆಗೆ ಹಾಕಿಕೊಳ್ಳುವ ಪುಡಿ ಅಂತ ತಿಳಿದು ಡ್ರೈ ಐಸ್ ಬಾಯಿಗಿಟ್ಟು ಐದು ಜನ ರಕ್ತ ಕಾರಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ನನ್ನ ಎಡಗೈ ಹೆಬ್ಬೆರಳಿನ ಮೇಲೂ ಒಂದು ಬಿಳಿ ಮಚ್ಚೆಯಿದೆ. ಒದ್ದೆ ಗ್ಲೌಸ್‌ನಲ್ಲಿ ಒಂದು ಚೂರು ಹಿಡಿದದ್ದು, ಗ್ಲೌಸು ಅಂಟಿಕೊಂಡು ಬೊಬ್ಬೆ ಬಂತು. ಬೆಂಕಿ ಸುಟ್ಟ ಹಾಗೇ.

ಬರೆಯಬೇಕಾದ್ದು ಏನು ಮಹಾ? ಇದರಲ್ಲಿ ಡ್ರೈ ಐಸ್ ಇದೆ, ಬರಿಗೈಲಿ ಮುಟ್ಟಬೇಡಿ, ಬಾಯಿಗಿಡಬೇಡಿ. ಕಿಟಕಿ ತೆಗೆದು ಪೆಟ್ಟಿಗೆ ಬಿಚ್ಚಿ. ಉಳಿದದ್ದನ್ನು ಪೆಟ್ಟಿಗೆ ಸಮೇತ ಬಾಲ್ಕನಿಯಲ್ಲೋ ತಾರಸಿಯಲ್ಲೋ ಮುಚ್ಚಳ ಸಡಿಲ ಮಾಡಿ ಬಿಡಿ, ತಾನೇ ಹೋಗುತ್ತದೆ. ಸಿಂಕಿಗೆ ಸುರಿಯಬೇಡಿ, ಬಾಟಲಿಗೆ ತುಂಬಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನಾಲ್ಕೇ ಸಾಲು. ತಾಜಾ ಅಂತ ಮಾರುವವರು ಪೆಟ್ಟಿಗೆ ಕಟ್ಟಿದ ಗಂಟೆಯನ್ನೂ ಹಾಕಿದರೆ ಇನ್ನೂ ಒಳ್ಳೇದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 4-5 ಕೆಜಿ ಡ್ರೈ ಐಸ್ ಹಾರಿಹೋಗುತ್ತದೆ, ಪೆಟ್ಟಿಗೆಯ ದಪ್ಪ, ಬಿಸಿಲು ನೋಡಿಕೊಂಡು. ಒಂದು ಕೆಜಿ ಹಾಕಿ ಸಂಜೆವರೆಗೂ ಸ್ಕೂಟರ್ ಮೇಲೆ ಸುತ್ತಿಸಿದ ಪೆಟ್ಟಿಗೆಯಲ್ಲಿ ಕೊನೆಗೆ ಹೊಗೆಯೂ ಇರಲ್ಲ, ತಂಪೂ ಇರಲ್ಲ. ಹೊಗೆ ಬಂತು ಅಂತ ದೂರುವ ಬದಲು, ಬರಲಿಲ್ಲ ಅಂದರೆ ಪೊಟ್ಟಣ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಗೋಬೇಡಿ.

ಕನ್ನಡ ಚೀಟಿ ಅಂಟಿಸೋಣ ಅಂತ ನಮ್ಮ ಮೇಲಿನವರಿಗೆ ಮೂರು ಸಲ ಹೇಳಿದೆ. ಪ್ರಿಂಟ್ ಮಾಡಿಸಲು ಹೆಡ್ಡಾಫೀಸ್ ಒಪ್ಪಬೇಕಂತೆ. ಹೋದ ಶನಿವಾರ ರಾತ್ರಿ ಸುಮ್ನೆ ಮಾರ್ಕರ್ ಪೆನ್ನು ತಗೊಂಡು ನಾನೇ ಪೆಟ್ಟಿಗೆಗಳ ಮೇಲೆ ಬರೆದೆ. ಅಸ್ಸಾಮಿನ ಹುಡುಗನೊಬ್ಬ, ಕನ್ನಡ ಓದಲು ಬಾರದವನು, ನನ್ನ ಅಕ್ಷರ ನೋಡಿಕೊಂಡು ಚಿತ್ರ ಬಿಡಿಸಿದ ಹಾಗೆ ಹತ್ತು ಪೆಟ್ಟಿಗೆ ಬರೆದುಕೊಟ್ಟ. "ಮುಟ್ಟಬೇಡಿ" ಅನ್ನೋದು ಅವನ ಕೈಯಲ್ಲಿ "ಮುಟಬೇಡಿ" ಆಗಿತ್ತು, ಇರಲಿ. ಅರವತ್ತೆರಡನೇ ಪೆಟ್ಟಿಗೆಗೆ ಪೆನ್ನಿನ ಶಾಯಿ ಮುಗಿಯಿತು. ಹೊಸದು ಕೊಡಿ ಅಂತ ಸ್ಟೋರ್‌ನಲ್ಲಿ ಬರೆಸಿದ್ದೇನೆ, ಇನ್ನೂ ಬಂದಿಲ್ಲ.

ನಿಮ್ಮ ಓದುಗರಲ್ಲಿ ಒಬ್ಬಳು,
ಮಾಂಸ ಪ್ಯಾಕಿಂಗ್ ಕೆಲಸದವಳು, ಯಲಹಂಕ, ಬೆಂಗಳೂರು
(ಕೆಲಸದ ವಿಷಯ, ದಯವಿಟ್ಟು ಹೆಸರು ಹಾಕಬೇಡಿ)